ವರಾಂಡದಲ್ಲಿ ಬರೆದ ಬಾಂಬು

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು. ಹೋದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆ, ಅಮೆರಿಕದ ಆಲ್ಬುಕರ್ಕಿಗೆ ಹೋಗಿದ್ದೆವು. ಪರಮಾಣು ವಿಜ್ಞಾನ ಮತ್ತು ಅದರ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ ಇರುವುದು ಅದೇ ಊರಿನಲ್ಲಿ. "ರೀ, ಬಾಂಬು ನೋಡೋಕೆ ಒಂದಿಡೀ ದಿನ ಹಾಳು ಮಾಡ್ತೀರಾ?" ಎಂದಳು ಹೆಂಡತಿ. ಆಮೇಲೆ ಅಂಗಳದ ಬಿ-29 ಎಂಬ ಬಾಂಬರ್ ವಿಮಾನದ ಹತ್ತಿರ ಜಾಸ್ತಿ ಹೊತ್ತು ನಿಂತವಳು ಅವಳೇ.

ಒಳಗೆ ಹಿರೋಷಿಮಾದ ಲಿಟಲ್ ಬಾಯ್, ನಾಗಸಾಕಿಯ ಫ್ಯಾಟ್ ಮ್ಯಾನ್ ಬಾಂಬುಗಳಂಥವೇ ಖಾಲಿ ಕವಚಗಳಿವೆ. ನಾನು ಕಾಲು ಕಿತ್ತಿಡಲಾಗದೆ ನಿಂತದ್ದು ಮಾತ್ರ ಎರಡು ಹೈಡ್ರೋಜನ್ ಬಾಂಬುಗಳ ಕವಚದ ಮುಂದೆ. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ ಅಮೆರಿಕದ ಎರಡು ವಿಮಾನ ಡಿಕ್ಕಿಯಾಗಿ ನಾಲ್ಕು ಬಾಂಬು ಉದುರಿದವು. ಒಂದು ಸಮುದ್ರಕ್ಕೆ ಬಿತ್ತು. ಹುಡುಕಿ ಎತ್ತಲು ಸುಮಾರು 80 ದಿನ ಬೇಕಾಯಿತು. ನೆಲಕ್ಕೆ ಬಿದ್ದ ಮೂರರಲ್ಲಿ ಎರಡರಿಂದ ವಿಕಿರಣ ಸೂಸುವ ಪ್ಲುಟೋನಿಯಂ ಹೊಲಗಳ ಮೇಲೆ ಚೆಲ್ಲಿತು. ಟೊಮೇಟೊ ಬೆಳೆಯುವ ಊರದು! ಪುಣ್ಯಕ್ಕೆ ಅಣುಸ್ಫೋಟ ಆಗಲಿಲ್ಲ. ನಾನು ನೋಡಿದ ಕವಚಗಳು ಆ ನಾಲ್ಕರಲ್ಲಿ ಎರಡರವು.

ಮೊಬೈಲ್ ತುಂಬ ಫೋಟೊ ತಂದೆ. ಸ್ಕೂಲು ಶುರುವಾದ ಮೇಲೆ ಒಂಬತ್ತನೇ ಕ್ಲಾಸಿಗೆ ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ಹತ್ತನೇ ಫೋಟೊಗೆಲ್ಲ ಹಿಂದಿನ ಬೆಂಚು ತೂಕಡಿಸುತ್ತಿತ್ತು. ತಪ್ಪು ನನ್ನದೇ. ಗೋಡೆ ಮೇಲೆ ಬಾಂಬೂ ಒಂದೇ, ಬೆಂಡೆಕಾಯಿಯೂ ಒಂದೇ, ಅಲ್ವಾ?

ಮರುದಿನ ಟೇಪು, ಸೀಮೆಸುಣ್ಣ ಹಿಡಿದು ಎಲ್ಲರನ್ನೂ ವರಾಂಡಕ್ಕೆ ಕರೆದೆ. ಮೂರು ಮೀಟರ್ ಉದ್ದ, 71 ಸೆಂಟಿಮೀಟರ್ ಅಗಲ ಅಳೆದು ಲಿಟಲ್ ಬಾಯ್ ಬರೆದೆವು. ಪಕ್ಕದಲ್ಲಿ ಒಂದೂವರೆ ಮೀಟರ್ ದಪ್ಪದ ಫ್ಯಾಟ್ ಮ್ಯಾನ್.

"ಇಷ್ಟೇನಾ ಸಾರ್? ನಮ್ಮ ಓಣಿಗೆ ಬರೋ ನೀರಿನ ಟ್ಯಾಂಕರೇ ಇದಕ್ಕಿಂತ ದೊಡ್ಡದು" ಎಂದ ಒಬ್ಬ.

ಮನೆಯಿಂದ ತಂದಿದ್ದ ಮೂರೂವರೆ ಲೀಟರ್ ಕುಕ್ಕರ್ ತೆಗೆದೆ. ಅದರ ತುಂಬ ಮಂಡಕ್ಕಿ ಸುರಿದು ತೂಗಿಸಿದೆ. ಅರ್ಧ ಕೆಜಿಯೂ ಬರಲಿಲ್ಲ. ಲಿಟಲ್ ಬಾಯ್‌ನಲ್ಲಿದ್ದ ಯುರೇನಿಯಂ 64 ಕೆಜಿ. ಅಷ್ಟೂ ಇದೇ ಕುಕ್ಕರ್‌ನಲ್ಲಿ ಹಿಡಿಯುತ್ತದೆ, ಅಷ್ಟು ಭಾರದ ಲೋಹ ಎಂದೆ. ಅದರಲ್ಲೂ ಪರಮಾಣು ಒಡೆದು ಶಕ್ತಿ ಕೊಟ್ಟದ್ದು ಒಂದು ಕೆಜಿಗಿಂತ ಕಡಿಮೆ. ಯಾರೂ ಮಾತಾಡಲಿಲ್ಲ. ಮುಂದೆ ನಿಂತಿದ್ದ ಹುಡುಗಿ ಕುಕ್ಕರಿನೊಳಗೆ ಇಣುಕಿ, "ಮಿಕ್ಕಿದ್ದು ಎಲ್ಲಿ ಹೋಯ್ತು ಸಾರ್?" ಎಂದಳು. ಸ್ಫೋಟದ ಜೊತೆ ಚೂರಾಗಿ ಗಾಳಿಗೆ ಚದುರಿತು ಎಂದೆ.

ಮಂಡಕ್ಕಿಯನ್ನು ಅವರೇ ಖಾಲಿ ಮಾಡಿದರು. ಬೆಲ್ ಹೊಡೆದಾಗ ಚಿಕ್ಕ ಕ್ಲಾಸಿನ ಹುಡುಗಿಯರು ಆಗಲೇ ಫ್ಯಾಟ್ ಮ್ಯಾನ್ ಒಳಗೆ ಗೆರೆ ಎಳೆದು ಕುಂಟಬಿಲ್ಲೆ ಆಡುತ್ತಿದ್ದರು.