ಮುರುಗಲಿಗೆ ನೊರೆ ಬರಿಸಿದ ಲೆಕ್ಕ

ಮುರುಗಲು (ಕೋಕಂ, ಪುನರ್ಪುಳಿ) ಪಾನಕಕ್ಕೆ ಮನೆಯಲ್ಲೇ ನೊರೆ ಬರಿಸಬಹುದು. ಸಿಲಿಂಡರ್ ಬೇಡ, ಸೋಡಾ ಯಂತ್ರ ಬೇಡ, ಶುಂಠಿ, ಸಕ್ಕರೆ, ನೀರು ಸೇರಿಸಿ ಹುದುಗಿಸಿದ ಶುಂಠಿ ಹೆಪ್ಪು ಸಾಕು. ‘ಅಷ್ಟು ಹುಳಿಲಿ ಹುದುಗು ಏಳ್ತಿಲ್ಲೆ ಮಾರಾಯಾ’ ಎಂದು ಶಿರಸಿ ಕಡೆಯವರು ಹೇಳಿದ್ದರು. ಕುಮಟೆಯವರು ನಕ್ಕಿದ್ದರು. ಈಗ ಎರಡೂ ಕಡೆಯವರು ಖಾಲಿ ಬಾಟಲಿ ತಂದು ಕೊಡುತ್ತಿದ್ದಾರೆ.

ಇದಕ್ಕೆ ಕೈ ಹಾಕಿದ್ದು ರುಚಿಗಲ್ಲ, ದುಡ್ಡು ಉಳಿಸಲು. ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈನಲ್ಲಿ ಶೇ. 175ರಿಂದ 185ಕ್ಕೆ ಏರಿತು, ಆಮೇಲೂ ಏರುತ್ತಲೇ ಬಂತು. ದೊಡ್ಡ ಬಾಟಲಿ ನೂರೈವತ್ತು ದಾಟಿ ಎಷ್ಟೋ ಕಾಲವಾಯಿತು. ತಂಪು ಪಾನೀಯ ಕುಡಿಯೋಣವೆಂದರೆ ಅದಕ್ಕೂ ಶೇ. 40 ಜಿಎಸ್‌ಟಿ. ಕಾರವಾರದವರು ಮಾಜಾಳಿ ದಾಟಿ ಗೋವಾದ ಪೋಳೆಂಗೆ ಹೋದರೆ ಅಗ್ಗವೇನೋ ಹೌದು, ಆದರೆ ತರುವಾಗ ಚೆಕ್‌ಪೋಸ್ಟ್ ಇದೆ. ಘಟ್ಟದ ಮೇಲಿನವರಿಗೆ ಬಿಯರಿಗಿಂತ ಪೆಟ್ರೋಲೇ ದುಬಾರಿ ಬೀಳುತ್ತದೆ. ಸಂಜೆ ಹೊತ್ತಿಗೆ ಗಂಟಲಿಗೆ ಚುರುಕಾಗಿ ತಾಗುವ ತಣ್ಣನೆಯದೊಂದು ಬೇಕು, ಅಷ್ಟೇ.

ಮೊದಲ ಮೂರು ಸಲ ಸತ್ತೇ ಹೋಯಿತು. ಅಂಗಡಿಯ ಮುರುಗಲು ಸಿರಪ್ಪಿಗೆ ನೀರು ಬೆರೆಸಿ ಒಳ್ಳೆಯ ಹೆಪ್ಪನ್ನೇ ಹಾಕಿದರೂ ಐದು ದಿನದಲ್ಲಿ ಒಂದು ಗುಳ್ಳೆ ಇಲ್ಲ. ಹುಳಿಯನ್ನೇ ಬೈದೆ. ಆಮೇಲೆ ಬಾಟಲಿಯ ಹಿಂದಿನ ಚೀಟಿ ಓದಿದರೆ ಸೋಡಿಯಂ ಬೆಂಜೊಯೇಟ್! ಹುದುಗು ಏಳದಿರಲಿ ಎಂದೇ ಹಾಕುವ ವಸ್ತು ಅದು, ಹುಳಿಯಿದ್ದಲ್ಲಿ ಅದರ ಶಕ್ತಿ ಇನ್ನೂ ಜೋರು. ಅಂಗಡಿ ಸಿರಪ್ಪಿನಲ್ಲಿ ಯಾರೂ ಪ್ರಯತ್ನಿಸಬೇಡಿ. ನಾಲ್ಕನೆಯದಕ್ಕೆ ಮನೆಯ ಉಪ್ಪು ಹಾಕಿದ ಮುರುಗಲು ರಸ ಬಳಸಿದೆ. ಅದೂ ಮಂಕು, ಉಪ್ಪು ಹೆಪ್ಪನ್ನು ಹಿಡಿದು ಕೂರಿಸುತ್ತದೆ. ಉಪ್ಪು, ಜೀರಿಗೆ, ಕಾಳುಮೆಣಸು ಏನಿದ್ದರೂ ಕುಡಿಯುವ ಲೋಟಕ್ಕೆ.

ಮಧ್ಯದಲ್ಲಿ ಸೋಮಾರಿತನದಿಂದ ಅಡುಗೆ ಸೋಡಾ ಚಿಟಿಕೆ ಹಾಕಿ ನೋಡಿದ್ದೂ ಉಂಟು. ಬುಸ್ ಎಂದು ಉಕ್ಕಿ ಅರ್ಧ ನಿಮಿಷದಲ್ಲಿ ಮುಗಿಯಿತು. ಕೆಂಪು ಹೋಗಿ ಕೆಸರು ನೇರಳೆ ಬಣ್ಣ ಬಂತು, ಹುಳಿ ಸತ್ತು ಗ್ಯಾಸಿನ ಔಷಧಿಯ ರುಚಿಯಾಯಿತು. ಮುರುಗಲಿನ ಬಣ್ಣ ಹುಳಿಯಿದ್ದಷ್ಟು ಹೊತ್ತು ಮಾತ್ರ ಕೆಂಪು.

ಈಗ ಸಿರಪ್ ಮನೆಯದೇ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಹಣ್ಣು, ಮಳೆ ಬಿದ್ದ ಮೇಲಿನದು ನೀರು ಕುಡಿದಿರುತ್ತದೆ, ಬೇಗ ಬೂಸಲು ಹಿಡಿಯುತ್ತದೆ. ಎರಡು ಕಿಲೋ ಹಣ್ಣು ಒಡೆದರೆ ಸುಮಾರು ಒಂದು ಕಿಲೋ ಸಿಪ್ಪೆ. ಅದಕ್ಕೆ ಎರಡು ಕಿಲೋ ಸಕ್ಕರೆ, ಭರಣಿಯಲ್ಲಿ ಪದರ ಪದರವಾಗಿ. ಮೇಲೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗೆ, ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಮಗುಚುವುದು. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ತರಬೇಡಿ, ಈ ಹುಳಿ ಅದನ್ನು ತಿನ್ನುತ್ತದೆ. ಸೋಸಿದರೆ ಒಂದೂಮುಕ್ಕಾಲು ಲೀಟರ್ ಆಸುಪಾಸು ಸಿಗುತ್ತದೆ. ಹಣ್ಣಿಗೆ ನೂರು, ಸಕ್ಕರೆಗೆ ತೊಂಬತ್ತು ರೂಪಾಯಿ ಎಂದು ನೆನಪು.

ಹೆಪ್ಪು ಮಾಡುವುದು ಹೀಗೆ: ಅರ್ಧ ಲೀಟರ್ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ, ಆಮೇಲೆ ದಿನಕ್ಕೆ ಒಂದೊಂದು. ಕೆಟ್ಟದ್ದೆಲ್ಲ ಎರಡೇ ಕಾರಣಕ್ಕೆ. ಒಂದು, ಪೇಟೆಯಲ್ಲಿ ತೊಳೆದು ಬಿಳಿ ಮಾಡಿಟ್ಟ ಶುಂಠಿ. ಹೆಪ್ಪಿನ ಜೀವ ಸಿಪ್ಪೆಯ ಮೇಲಿರುವಾಗ ಅದನ್ನೇ ಉಜ್ಜಿದರೆ ಏನುಳಿಯುತ್ತದೆ? ಬನವಾಸಿ ಕಡೆಯಿಂದ ಮಣ್ಣು ಮೆತ್ತಿಕೊಂಡು ಬರುವ ಶುಂಠಿ ಒಮ್ಮೆಯೂ ಕೈಕೊಟ್ಟಿಲ್ಲ. ಎರಡು, ಕ್ಲೋರಿನ್ ಹಾಕಿದ ನಲ್ಲಿ ನೀರು. ಬಾವಿ ನೀರಾದರೆ ಕುದಿಸಿ ಆರಿಸಿ ಹಾಕಿ. ಕಾರವಾರದ ಮೇ ತಿಂಗಳಲ್ಲಿ ನಾಲ್ಕು ದಿನಕ್ಕೆ ಎದ್ದ ಹೆಪ್ಪು ಶಿರಸಿಯ ಆಷಾಢದಲ್ಲಿ ಒಂಬತ್ತು ದಿನ ತೆಗೆದುಕೊಂಡಿತು. ಮಳೆಗಾಲದಲ್ಲಿ ಮೇಲೆ ಬಿಳಿ ಕೆನೆಯಂಥದ್ದು ಕಟ್ಟಿದರೆ ತೆಗೆದು ಹಾಕಿ ಮುಂದುವರಿಸಬಹುದು. ನಯವಾದ ಕೂದಲು, ಹಸಿರು, ಕಪ್ಪು ಕಂಡರೆ ಇಡೀ ಭರಣಿ ಗೊಬ್ಬರದ ಗುಂಡಿಗೆ.

ಗುಟ್ಟೆಲ್ಲ ಹಾಕುವ ಕ್ರಮದಲ್ಲಿದೆ. ಮುರುಗಲಿಗೆ ಹೆಪ್ಪು ಹಾಕುವುದಲ್ಲ, ಎದ್ದ ಹೆಪ್ಪಿಗೆ ಮುರುಗಲು ಹಾಕಬೇಕು. 4.2 ಲೀಟರ್ ನೀರಿಗೆ 60 ಗ್ರಾಂ ಜಜ್ಜಿದ ಶುಂಠಿ, 100 ಗ್ರಾಂ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ ಪೂರ್ತಿ ಆರಿಸುವುದು. ಬೆಚ್ಚಗಿದ್ದಾಗ ಹಾಕಿ ಒಮ್ಮೆ ಹೆಪ್ಪನ್ನೇ ಬೇಯಿಸಿದ್ದೇನೆ. ಸೋಸಿದ ಹೆಪ್ಪಿನ ನೀರು 300 ಮಿಲಿ ಬೆರೆಸಿ ಬಟ್ಟೆ ಮುಚ್ಚಿ ಒಂದು ರಾತ್ರಿ, ಒಂದು ಹಗಲು. ಅಂಚಿನಲ್ಲಿ ಸಣ್ಣ ಗುಳ್ಳೆಯ ಸಾಲು ಕಟ್ಟಿದ ಮೇಲೆಯೇ 500 ಮಿಲಿ ಸಿರಪ್. ಅಷ್ಟು ಹೊತ್ತಿಗೆ ಹುದುಗಿನ ಸಂಖ್ಯೆ ಬೆಳೆದಿರುತ್ತದೆ, ಹುಳಿ ತಾಗಿದರೂ ತಡೆದುಕೊಳ್ಳುತ್ತದೆ. ಹಸಿದ ನಾಲ್ಕು ಕಣವನ್ನು ಹುಳಿಗೆ ನೂಕಿದರೆ ಅಲ್ಲೇ ಮಲಗುತ್ತದೆ. ಬೆರೆಸುವ ಮೂರು ತಾಸು ಮೊದಲು ಹೆಪ್ಪಿಗೆ ಕೊಡುವ ಕೊನೆಯ ತುತ್ತು ಒಂದಿದೆ, ಅದರ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ನೊರೆ ಬರುತ್ತದೆ, ಆದರೆ ಲೋಟದಲ್ಲಿ ನಿಲ್ಲುವುದಿಲ್ಲ.

ಬಾಟಲಿಯ ವಿಷಯದಲ್ಲಿ ಜಿಪುಣತನ ಬೇಡ. ಗಾಜಿನ ಜಾಮ್ ಬಾಟಲಿ ಎರಡು ಸಿಡಿದು ಅಡುಗೆಮನೆಯ ಗೋಡೆ ಕೆಂಪಾಯಿತು. ಮಿನರಲ್ ನೀರಿನ ಬಾಟಲಿ ತೆಳು, ತಳ ಉಬ್ಬಿ ಅಡ್ಡ ಬೀಳುತ್ತದೆ. ಸರಿಯಾದದ್ದು ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿ, ಒತ್ತಡ ತಡೆಯಲೆಂದೇ ಮಾಡಿದ್ದು. ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿಸಿ. ಹಿಂಡಿ ನೋಡಿದಾಗ ಕಲ್ಲಿನಂತೆ ಗಟ್ಟಿಯಾದರೆ ಫ್ರಿಜ್ಜಿಗೆ. ಕರಾವಳಿಯ ಬೇಸಿಗೆಯಲ್ಲಿ 20 ತಾಸು, ಶಿರಸಿಯ ಡಿಸೆಂಬರಿನಲ್ಲಿ ಮೂರು ದಿನ. ಫ್ರಿಜ್ಜಿನಲ್ಲೂ ನಿಧಾನಕ್ಕೆ ಕೆಲಸ ನಡೆಯುತ್ತಲೇ ಇರುತ್ತದೆ, ವಾರದೊಳಗೆ ಕುಡಿದು ಮುಗಿಸುವುದು. ತಣ್ಣಗಾಗದೆ ಮುಚ್ಚಳ ತೆಗೆದರೆ ಅರ್ಧ ನೆಲಕ್ಕೆ.

ಹುದುಗಿದ್ದು ಅಂದ ಮೇಲೆ ಲವಲೇಶ ಮದ್ಯಾಂಶ ಇದ್ದೇ ಇರುತ್ತದೆ, ಮುಟ್ಟದವರಿಗೆ ಹೇಳಿಯೇ ಕೊಡಬೇಕು. ಹೊರಗೇ ಬಿಟ್ಟು ದಿನ ಎಣಿಸುತ್ತ ಹೋದರೆ ಅದು ಬೇರೆ ದಾರಿ, ಅಬಕಾರಿಯವರ ದಾರಿ. ಗೇರು ಹಣ್ಣಿನ ರಸದಲ್ಲಿ ಮಾಡಿ ಕೈಬಿಟ್ಟದ್ದು ಅದಕ್ಕೇ. ಗಂಟಲು ಹಿಡಿಯುವ ಒಗರನ್ನು ಗಂಜಿ ತಿಳಿ ಹಾಕಿ ಇಳಿಸಿದ್ದಾಯಿತು, ಆದರೆ ರಸ ಬೆಳಿಗ್ಗೆ ಹಿಂಡಿದ್ದು ಸಂಜೆಗೇ ತಾನಾಗಿ ಉಕ್ಕಲು ಶುರುವಾಯಿತು. ಅದಕ್ಕೆ ಹೆಪ್ಪೂ ಬೇಡ, ಲಗಾಮೂ ಇಲ್ಲ. ಸಕ್ಕರೆಯ ಬದಲು ಜೋನಿ ಬೆಲ್ಲ ಹಾಕಿದರೆ ಹೆಪ್ಪು ಕುದುರೆಯಂತೆ ಓಡುತ್ತದೆ, ಬಣ್ಣ ಮಾತ್ರ ಚರಂಡಿ ನೀರು. ಕಣ್ಣು ಮುಚ್ಚಿ ಕುಡಿದರೆ ರುಚಿ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ, ಮನೆಯಲ್ಲಿ ಯಾರೂ ಒಪ್ಪಿಲ್ಲ. ಮಾವಿನಕಾಯಿಯ ಅಪ್ಪೆಹುಳಿಗೆ ನೊರೆ ಬರಿಸಲು ಹೋದದ್ದನ್ನು ಬರೆಯುವುದೇ ಬೇಡ. ಬಿಳಿ ಮುರುಗಲಿನದು ಚೆನ್ನಾಗಿ ಬಂತು, ನೋಡಲು ಥೇಟ್ ಬಿಯರಿನ ಬಣ್ಣ. ಬಂದ ನೆಂಟರು ಲೋಟ ಕಂಡು ಗಾಬರಿಯಾದದ್ದೂ ಉಂಟು.

ಲೆಕ್ಕ ಹೀಗೆ: ಐದು ಲೀಟರಿಗೆ ಸಿರಪ್ಪಿನದು 55, ಶುಂಠಿ ಮತ್ತು ಸಕ್ಕರೆ 15, ಗ್ಯಾಸು ಸೇರಿ ಎಂಬತ್ತರ ಹತ್ತಿರ. 750 ಮಿಲಿ ಬಾಟಲಿಗೆ ಹನ್ನೆರಡು ರೂಪಾಯಿ ಬೀಳುತ್ತದೆ. ಕಲಿಯುವಾಗ ಚೆಲ್ಲಿದ್ದು ಸುಮಾರು ಸಾವಿರದ ನಾಲ್ಕುನೂರು, ಗೋಡೆಯ ಸುಣ್ಣ ಬೇರೆ.

ಸೋಸಿ ಉಳಿದ ಸಿಪ್ಪೆ ಎಸೆಯಬೇಡಿ. ಎರಡು ಬಿಸಿಲು ಕೊಟ್ಟರೆ ಬಾಯಾಡಿಸಲು ಹುಳಿ ಸಿಹಿ ತುಣುಕಾಗುತ್ತದೆ. ಸಾರಿಗೆ ಮಾತ್ರ ಹಾಕಬೇಡಿ, ಸಿಹಿಯಾಗುತ್ತದೆ. ಅದಕ್ಕೆ ಸಕ್ಕರೆ ತಾಗದ ಸೋಲ್ (ಮುರುಗಲಿನ ಒಣಸಿಪ್ಪೆ) ಬೇರೆಯೇ ಒಣಗಿಸಿಟ್ಟಿರಬೇಕು. ಬೀಜ ತೊಳೆದು ಒಣಗಿಸಿ ಡಬ್ಬಿಗೆ ಹಾಕಿಡಿ, ಮಳೆಗಾಲದಲ್ಲಿ ಕುಟ್ಟಿ ಕುದಿಸಿದರೆ ಒಡೆದ ಹಿಮ್ಮಡಿಗೆ ಹಚ್ಚುವಷ್ಟು ತುಪ್ಪ ಏಳುತ್ತದೆ.