ಲ್ಯೂಟ್ ಶ್ರುತಿ ಮಾಡುವುದು ಹೇಗೆ? ಮೊದಲು 22 ಸೆಂಟ್‌ನ ಲೆಕ್ಕ

ಲ್ಯೂಟ್‌ನ (ಮೀಟಿ ನುಡಿಸುವ, ಮೆಟ್ಟಿಲಿರುವ ತಂತಿವಾದ್ಯ) ಬಿರಡೆಗೆ ಕೈ ಹಾಕುವ ಮೊದಲು ಒಂದು ಸಣ್ಣ ಕೂಡುವ ಲೆಕ್ಕ ಮಾಡಿಬಿಡಿ. ಅದು ಗೊತ್ತಿಲ್ಲದೆ ಹೊರಟರೆ ಸಂಜೆಯೆಲ್ಲ ಬಿರಡೆ ತಿರುಗಿಸುತ್ತಲೇ ಕೂರಬೇಕಾಗುತ್ತದೆ.

16ನೇ ಶತಮಾನದ ಯುರೋಪಿನ ಲ್ಯೂಟ್‌ಗೆ ಸಾಮಾನ್ಯವಾಗಿ ಆರು ಸಾಲು ತಂತಿ. ತಾರದ ಕಡೆಯದು ಒಂಟಿ, ಉಳಿದವು ಜೋಡಿ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಮಂದ್ರದಿಂದ ಶುರುಮಾಡಿದರೆ ಜಿ, ಸಿ, ಎಫ್, ಎ, ಡಿ, ಜಿ. ಎಫ್ ಮತ್ತು ಎ ನಡುವೆ ನಮ್ಮ ಷಡ್ಜದಿಂದ ಅಂತರ ಗಾಂಧಾರದಷ್ಟು ದೂರ. ಉಳಿದ ನಾಲ್ಕೂ ಕಡೆ ಸ–ಮ. ಎರಡು ತುದಿಯ ಜಿಗಳ ನಡುವೆ ಸರಿಯಾಗಿ ಎರಡು ಸ್ಥಾಯಿ ಇರಬೇಕು.

ಸ್ವರಗಳ ನಡುವಿನ ದೂರ ಅಳೆಯುವ ಮಾನ ಸೆಂಟ್. ಒಂದು ಸ್ಥಾಯಿಗೆ 1200 ಸೆಂಟ್, ಎರಡಕ್ಕೆ 2400. ಈಗ ಕೂಡಿಸಿ. ಶುದ್ಧವಾದ ಸ–ಮ 498 ಸೆಂಟ್, ನಾಲ್ಕು ಸೇರಿ 1992. ಶುದ್ಧವಾದ ಸ–ಗ 386. ಒಟ್ಟು 2378. ಸುಮಾರು 22 ಸೆಂಟ್ ಕಡಿಮೆ ಬಿತ್ತು, ಅಲ್ವಾ? ಈ ಬಾಕಿಯನ್ನು ಯಾರ ತಲೆಗೆ ಎಷ್ಟು ಕಟ್ಟಬೇಕು ಅನ್ನುವುದೇ ಟೆಂಪರಮೆಂಟ್. ಇದರಲ್ಲಿ ನಿಗೂಢವಾದದ್ದು ಬೇರೇನೂ ಇಲ್ಲ.

ಆ ಕಾಲದ ಆರ್ಗನ್, ಹಾರ್ಪ್ಸಿಕಾರ್ಡ್‌ಗಳಲ್ಲಿ ಮೀನ್‌ಟೋನ್ ಪದ್ಧತಿ ರೂಢಿಯಲ್ಲಿತ್ತು. ಗಾಂಧಾರವನ್ನು ಶುದ್ಧವಾಗಿಟ್ಟು, ಬಾಕಿಯನ್ನು ನಾಲ್ಕು ಸ–ಮಗಳಿಗೆ ಹಂಚುವುದು ಅದರ ಒಂದು ಬಗೆ. ತಲಾ ಐದೂವರೆ ಸೆಂಟ್ ಜಾಸ್ತಿ. ಕಿವಿಯಿಂದಲೇ ಮಾಡಬಹುದು.

ಮೊದಲು ತಾರದ ಜಿ ಕೂಡಿಸಿ. ಅದರ ಕೆಳಗಿನ ಡಿಯನ್ನು ಅಲೆಯೇ (ಎರಡು ನಾದ ಪೂರ್ತಿ ಕೂಡದಿದ್ದಾಗ ಕೇಳುವ ಏರಿಳಿತ) ಕೇಳದಷ್ಟು ಶುದ್ಧವಾಗಿ ಸೇರಿಸಿ, ಆಮೇಲೆ ಕೂದಲೆಳೆಯಷ್ಟು ಇಳಿಸಿ. ಎರಡನ್ನೂ ಒಟ್ಟಿಗೆ ಮೀಟಿದರೆ ನಾದ ಸೆಕೆಂಡಿಗೆ ಮೂರು ನಾಲ್ಕು ಸಲ ಅಲೆಯಬೇಕು. ಡಿಯಿಂದ ಎ ಕೂಡ ಹಾಗೇ, ಅಲೆ ಸ್ವಲ್ಪ ನಿಧಾನ. ಎಯಿಂದ ಎಫ್ ಮಾತ್ರ ಪೂರ್ತಿ ಶುದ್ಧ, ಅಲೆ ಇರಲೇಬಾರದು. ಮತ್ತೆ ಸಿ, ಕೊನೆಗೆ ಮಂದ್ರ ಜಿ. ಇಲ್ಲಿ ಅಲೆ ಸೆಕೆಂಡಿಗೆ ಒಂದಕ್ಕಿಂತ ಚೂರು ಜಾಸ್ತಿ. ಈಗ ಎರಡು ಜಿ ಒಟ್ಟಿಗೆ ಮೀಟಿ. ಕೂಡಿದರೆ ಗೆದ್ದಿರಿ. ಬಿರಡೆಯನ್ನು ಯಾವಾಗಲೂ ಕೆಳಗಿನಿಂದ ಏರಿಸುತ್ತಲೇ ನಿಲ್ಲಿಸಿ, ಇಲ್ಲದಿದ್ದರೆ ಜಾರುತ್ತದೆ. ಜೋಡಿಯಲ್ಲಿ ಒಂದು ತಂತಿಯನ್ನು ಬೆರಳಲ್ಲಿ ಅದುಮಿಟ್ಟು ಇನ್ನೊಂದನ್ನು ಕೂಡಿಸಿ.

ನಿಜವಾದ ತಲೆನೋವು ಮೆಟ್ಟಿಲುಗಳದ್ದು. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ. ಲ್ಯೂಟ್‌ನದು ಕತ್ತಿನ ಸುತ್ತ ಬಿಗಿದ ಕರುಳಿನ ದಾರ, ತಳ್ಳಿದರೆ ಸರಿಯುತ್ತದೆ. ಆದರೆ ಒಂದೇ ದಾರ ಆರೂ ಸಾಲಿನ ಕೆಳಗೆ ಹಾಯುತ್ತದೆ.

60 ಸೆಂಟಿಮೀಟರ್ ತಂತಿ ಅಂದುಕೊಳ್ಳಿ. ಮೊದಲ ಮೆಟ್ಟಿಲಿನಲ್ಲಿ ಸಿ ಮತ್ತು ಎಫ್ ತಂತಿಗಳಿಗೆ ಬೇಕಾದದ್ದು ಸಿ ಶಾರ್ಪ್, ಎಫ್ ಶಾರ್ಪ್ (ಶಾರ್ಪ್ ಅಂದರೆ ಆ ಸ್ವರಕ್ಕಿಂತ ಅರ್ಧಸ್ವರ ಮೇಲೆ, ಫ್ಲಾಟ್ ಅಂದರೆ ಅರ್ಧಸ್ವರ ಕೆಳಗೆ). ಅದಕ್ಕೆ ದಾರ ತಲೆಯ ಕಡೆಯ ಪಟ್ಟಿಯಿಂದ 2.6 ಸೆಂ.ಮೀ. ದೂರದಲ್ಲಿರಬೇಕು. ಎ ಮತ್ತು ಡಿ ತಂತಿಗಳಿಗೆ ಬೇಕಾದದ್ದು ಬಿ ಫ್ಲಾಟ್, ಇ ಫ್ಲಾಟ್. ಅದಕ್ಕೆ 3.9 ಸೆಂ.ಮೀ. ಒಂದೇ ದಾರ ಎರಡು ಕಡೆ ಹೇಗಿರುತ್ತದೆ? ಎರಡು ಸ್ವರವೂ ಬೇಕೆಂದರೆ ಮೆಟ್ಟಿಲಿನ ಪಕ್ಕದಲ್ಲಿ, ಬೇಕಾದ ತಂತಿಗಳ ಕೆಳಗಷ್ಟೇ, ಒಂದು ಚಿಕ್ಕ ತುಂಡು ಅಂಟಿಸಿಕೊಳ್ಳಬಹುದು. ಆರನೇ ಮೆಟ್ಟಿಲಿನಲ್ಲೂ ಇದೇ ಜಗಳ.

ಗೆಲಿಲಿಯೊನ ಅಪ್ಪ ವಿನ್ಚೆಂಜೊ ಗೆಲಿಲಿ ಸ್ವತಃ ಲ್ಯೂಟ್ ವಾದಕ. 1581ರಲ್ಲಿ ಅವನು ಹೇಳಿದ ದಾರಿ ಸುಲಭದ್ದು. ತಂತಿಯ ಉದ್ದವನ್ನು 18 ಭಾಗ ಮಾಡಿ, ಒಂದು ಭಾಗದ ಮೇಲೆ ಮೊದಲ ಮೆಟ್ಟಿಲು, ಅಂದರೆ 3.33 ಸೆಂ.ಮೀ. ಉಳಿದ 56.67 ಸೆಂ.ಮೀ.ಯನ್ನು ಮತ್ತೆ 18 ಭಾಗ ಮಾಡಿ. ಹೀಗೇ ಮುಂದೆ. ಅರ್ಧಸ್ವರಗಳೆಲ್ಲ ಸರಿಸಮ, ಈಗಿನ ಗಿಟಾರಿಗೆ ಹತ್ತಿರ. ಆದರೆ 22ರಲ್ಲಿ ಹೆಚ್ಚಿನ ಪಾಲು ಗಾಂಧಾರದ ಮೇಲೆ ಬೀಳುತ್ತದೆ, ಅದು ಚುರುಕಾಗಿ ಚುಚ್ಚುತ್ತದೆ. ನನಗಂತೂ ಹಿಡಿಸದು.

ಹೊಸಬರಿಗೆ ನಾನು ಹೇಳುವುದು ನಡುವಿನ ದಾರಿ. ಪ್ರತಿ ಸ–ಮಕ್ಕೆ ಮೂರೂವರೆ ಸೆಂಟ್, ಗಾಂಧಾರಕ್ಕೆ ಏಳು. ಆಗ ಮೊದಲ ಮೆಟ್ಟಿಲಿನ ಎರಡು ಜಾಗ 3.0 ಮತ್ತು 3.6 ಸೆಂ.ಮೀ.ಗೆ ಹತ್ತಿರವಾಗುತ್ತವೆ. ನುಡಿಸುವ ಹಾಡಿನಲ್ಲಿ ಫ್ಲಾಟ್ ಜಾಸ್ತಿಯಿದ್ದರೆ ದಾರ 3.6ರಲ್ಲಿ, ಶಾರ್ಪ್ ಜಾಸ್ತಿಯಿದ್ದರೆ 3.0ರಲ್ಲಿ. ಉಳಿದ ಮೆಟ್ಟಿಲುಗಳನ್ನು ತೆರೆದ ತಂತಿಯ ಜೊತೆ ಪರೀಕ್ಷಿಸಿ: ಎಫ್ ತಂತಿಯ ಎರಡನೇ ಮೆಟ್ಟಿಲು ಮಂದ್ರ ಜಿಗೆ ಒಂದು ಸ್ಥಾಯಿ ಮೇಲೆ ಕೂಡಬೇಕು, ಡಿ ತಂತಿಯ ಐದನೆಯದು ತಾರದ ಜಿಗೆ.