ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಹಾಳು ಮಾಡಬೇಡಿ

ಚಳಿಗಾಲ ಹತ್ತಿರ ಬಂತು ಅಂದ್ರೆ ನನಗೆ ಫೋನು ಶುರು. "ದೊಡ್ಡಮ್ಮ, ಹಳೇ ಬೈಕ್ ಇನ್ನು ಮೂರ್ನಾಲ್ಕು ತಿಂಗಳು ಓಡ್ಸಲ್ಲ. ಕವರ್ ಹಾಕಿ ಇಟ್ಟಿದೀನಿ, ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡ್ತೀನಿ. ಸಾಕಲ್ವಾ?" ಸಾಕು ಕಣಪ್ಪ, ಧಾರಾಳವಾಯ್ತು. ಒಳ್ಳೇ ಇಂಜಿನ್ ಹಾಳು ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತೆ. ಗಾಡಿ ಚೆನ್ನಾಗಿ ಕಾದು ಓಡ್ತಿದ್ರೆ ಆ ಆವಿ ಹೊರಗೆ ಹೋಗುತ್ತೆ. ಚಳೀಲಿ ಐದು ನಿಮಿಷ ಗುರುಗುಟ್ಟಿಸಿ ಆಫ್ ಮಾಡಿದ್ರೆ ಎಲ್ಲಿ ಹೋಗುತ್ತೆ? ಸೈಲೆನ್ಸರ್ ಒಳಗೇ ನೀರಾಗಿ ಕೂರುತ್ತೆ, ಆಯಿಲ್ ಜೊತೆ ಸೇರಿ ಬೆಳ್ಳಗೆ ನೊರೆ ಕಟ್ಟುತ್ತೆ. ಓಡಿಸೋದಾದ್ರೆ ಅರ್ಧ ಗಂಟೆ ರಸ್ತೆ ಮೇಲೆ ನೆಟ್ಟಗೆ ಓಡಿಸಿ. ಆಗಲ್ಲ ಅಂದ್ರೆ ಕೈಮುಗಿದು ಸುಮ್ನೆ ಬಿಟ್ಟುಬಿಡಿ. ಆದ್ರೆ ಬಿಡೋ ಮುಂಚೆ ಮಾಡೋ ಕೆಲಸ ಮಾಡಿ ಬಿಡಿ.

ನಮ್ಮನೆಯವರಿಗೆ ಗಾಡಿ ಓಡಿಸೋದಷ್ಟೇ ಗೊತ್ತಿತ್ತು. ಒರೆಸೋದು, ಆಯಿಲ್ ನೋಡೋದು, ಚಳಿಗಾಲಕ್ಕೆ ಮಲಗಿಸೋದು ಎಲ್ಲಾ ನನ್ನ ಪಾಲು. "ನಿನ್ನ ಕೈಗೆ ಬಿದ್ರೆ ಅದು ನನ್ನ ಮಾತು ಕೇಳಲ್ಲ" ಅಂತ ರೇಗಿಸೋರು. ಕೇಳ್ತಿರಲಿಲ್ಲ, ನಿಜ. ಅವರು ಹತ್ತು ಸಲ ಕಿಕ್ ಹೊಡೆದು ಬೆವರು ಒರೆಸಿಕೊಂಡ ಮೇಲೆ ನಾನು ಹೋಗಿ ಪೆಟ್ರೋಲ್ ಕಾಕ್, ಅಂದ್ರೆ ಟ್ಯಾಂಕಿನ ನಲ್ಲಿ, ತಿರುಗಿಸಿ ಬರ್ತಿದ್ದೆ.

ಮೊದಲು ತೊಳೀರಿ. ಜೋರಾಗಿ ನೀರು ಹಾರಿಸೋ ಆ ಪ್ರೆಶರ್ ಪೈಪ್ ಹಿಡ್ಕೊಂಡು ಹೋಗ್ಬೇಡಿ, ಚಕ್ರದ ಬೇರಿಂಗ್ ಒಳಗೆ ನೀರು ನುಗ್ಗಿ ಗ್ರೀಸೆಲ್ಲ ತೊಳೆದುಹೋಗುತ್ತೆ. ಬಕೆಟ್ಟು, ಬಟ್ಟೆ, ತಾಳ್ಮೆ ಸಾಕು. ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಸಂದಿಯಲ್ಲಿರೋ ನೀರು ಆರಬೇಕು, ಇಂಜಿನ್ ಪೂರ್ತಿ ಬಿಸಿ ಆಗಬೇಕು. ಆ ಬಿಸಿಯಲ್ಲೇ ಆಯಿಲ್ ಇಳಿಸಿ ಹೊಸದು ತುಂಬಿ. "ಚಳಿಗಾಲ ಮುಗಿದ ಮೇಲೆ ಬದಲಾಯಿಸ್ತೀನಿ, ಈಗ್ಯಾಕೆ ದಂಡ" ಅಂತಾರೆ. ಓಡಿದ ಆಯಿಲ್‌ನಲ್ಲಿ ಆಮ್ಲ ಇರುತ್ತೆ. ತಿಂಗಳುಗಟ್ಟಲೆ ಅದರಲ್ಲೇ ನೆನೆದ್ರೆ ಬೇರಿಂಗ್ ತಿಂದುಹಾಕುತ್ತೆ. ಅಲ್ಲಿ ಜಿಪುಣತನ ಬೇಡ.

ಪೆಟ್ರೋಲ್ ವಿಷಯಕ್ಕೆ ಎರಡು ಮಾತು. ಕಬ್ಬಿಣದ ಟ್ಯಾಂಕು ಅರ್ಧ ಖಾಲಿ ಬಿಟ್ರೆ ಆ ಖಾಲಿ ಜಾಗದಲ್ಲಿ ತೇವ ಕೂತು ತುಕ್ಕು ಹಿಡಿಯುತ್ತೆ, ಅದಕ್ಕೇ ಕತ್ತಿನವರೆಗೆ ತುಂಬಿ. ಈಗಿನ ಪೆಟ್ರೋಲ್‌ಗೆ ಎಥನಾಲ್ ಬೆರೆಸಿರ್ತಾರೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತೆ, ಜಾಸ್ತಿ ಹೀರಿದ್ರೆ ನೀರು ಎಥನಾಲ್ ಎರಡೂ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಎಥನಾಲ್ ಇಲ್ಲದ್ದು ಸಿಕ್ಕಿದ್ರೆ ಅದನ್ನೇ ಹಾಕಿ. ಸಿಗದಿದ್ರೆ ಕೆಡದ ಹಾಗೆ ಇಡೋ ಸ್ಟೆಬಿಲೈಸರ್ ಬೆರೆಸಿ, ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್‌ವರೆಗೂ ತಲುಪೋ ಹಾಗೆ ಸ್ವಲ್ಪ ಓಡಿಸಿ. ಆಮೇಲೆ ಕಾಕ್ ಬಂದ್ ಮಾಡಿ, ಇಂಜಿನ್ ತಾನಾಗಿ ನಿಲ್ಲೋವರೆಗೂ ಬಿಡಿ. ನಿಂತ ಮೇಲೂ ಕಾರ್ಬುರೇಟರ್ ಕೆಳಗಿನ ಬಟ್ಟಲು, ಅದೇ ಫ್ಲೋಟ್ ಬೌಲ್, ಅದರ ತಳದಲ್ಲಿ ಒಂದಿಷ್ಟು ಉಳಿದಿರುತ್ತೆ, ಅದನ್ನೂ ಇಳಿಸಿಬಿಡಿ. ಇಲ್ದಿದ್ರೆ ಅದು ಒಣಗಿ ಅಂಟಾಗಿ, ಕೂದಲೆಳೆಯಷ್ಟು ಸಣ್ಣ ಜೆಟ್‌ನ ತೂತು ಮುಚ್ಚಿಕೊಳ್ಳುತ್ತೆ.

ಈಗ ನನ್ನ ಕೆಲಸ. ಇದನ್ನ ಮಾತ್ರ ಯಾರು ಏನೇ ಅಂದ್ರೂ ನಾನು ಬಿಡಲ್ಲ. ಸಿಲಿಂಡರ್‌ಗೆ ಒಳಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಿಡೋದು. ಎಲ್ಲರೂ "ಹೂಂ, ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಚಮಚ ಸುರಿದ್ರಾಯ್ತು" ಅಂತಾರೆ. ಸುರಿದ್ರೆ ಆಗಲ್ಲ. ಮೊದಲು ಪ್ಲಗ್ ಸುತ್ತ ಇರೋ ಧೂಳು, ಮರಳನ್ನ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ, ಊದಿ. ಇದನ್ನ ಮಾಡದೆ ಬಿಚ್ಚಿದ್ರೆ ಆ ಮರಳು ಎಲ್ಲಿಗೆ ಬೀಳುತ್ತೆ ಅಂತ ನಾನು ಹೇಳ್ಬೇಕಾ? ಇಗ್ನಿಷನ್ ಆಫ್ ಇರಲಿ. ಇಂಜಿನ್ ಆಯಿಲ್ ಡಬ್ಬಿಯನ್ನ ಬಿಸಿನೀರಿನ ಪಾತ್ರೇಲಿ ಸ್ವಲ್ಪ ಹೊತ್ತು ಕೂರಿಸಿ, ಕೈಗೆ ಬೆಚ್ಚಗಾಗಬೇಕು ಅಷ್ಟೇ. ತಣ್ಣಗಿರೋ ಎಣ್ಣೆ ಗಟ್ಟಿಯಾಗಿ ಒಂದೇ ಕಡೆ ಕೂರುತ್ತೆ, ಬೆಚ್ಚಗಿದ್ರೆ ಗೋಡೆ ಹಿಡಿದು ಇಳಿಯುತ್ತೆ. ಸೂಜಿ ಇಲ್ಲದ ಸಿರಿಂಜಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ತೂತಿನೊಳಗೆ ಇಳಿಸಿ, ಸುತ್ತಲೂ ತಿರುಗಿಸ್ತಾ ನಿಧಾನಕ್ಕೆ ಬಿಡಿ. ಎಷ್ಟು ಅಂದ್ರೆ ಒಂದೆರಡು ಚಮಚ. ಜಾಸ್ತಿ ಸುರಿದು ಪ್ಲಗ್ ಬಿಗಿದು ಕಿಕ್ ಹೊಡೆದ್ರೆ ಎಣ್ಣೆ ಒತ್ತಿದ್ರೂ ಕುಗ್ಗಲ್ಲ, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡೇ ಬಾಗುತ್ತೆ.

ಆಮೇಲೆ ಕಿಕ್ಕರ್ ಮುಟ್ಟಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರ್‌ಗೆ ತಂದು, ಹಿಂದಿನ ಚಕ್ರವನ್ನ ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಪಿಸ್ಟನ್ ಮೇಲೆ ಕೆಳಗೆ ಆಡೋದು ಕೈಗೆ ಗೊತ್ತಾಗುತ್ತೆ. ಮೊದಲು ಒಣ ಉಸಿರು, ಆಮೇಲೆ ಪಚಕ್ ಪಚಕ್ ಅಂತ ಜಿಡ್ಡಿನ ಸದ್ದು. ಆ ಸದ್ದು ಬರೋವರೆಗೂ ತಿರುಗಿಸಿ. ಕೊನೆಗೆ ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಒಳಗಿಂದ ಗಾಳಿ ಬೆರಳನ್ನ ತಳ್ಳಿತು ಅಂದ್ರೆ ಅದು ಕಂಪ್ರೆಷನ್. ಪಿಸ್ಟನ್ ಮೇಲಕ್ಕೆ ಬಂದ ತಕ್ಷಣ ಅಲ್ಲಿಗೆ ನಿಲ್ಲಿಸಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಆಗ ಎರಡೂ ವಾಲ್ವ್ ಮುಚ್ಚಿರುತ್ತೆ, ಹೊರಗಿನ ತೇವ ಒಳಗೆ ಬರಲ್ಲ, ಸ್ಪ್ರಿಂಗಿಗೂ ಅನಾವಶ್ಯಕ ಒತ್ತಡ ಇಲ್ಲ. ಗೇರ್ ನ್ಯೂಟ್ರಲ್‌ಗೆ ತಂದು, ಪ್ಲಗ್ ಕೈಯಲ್ಲೇ ಬಿಗಿದು ಬಿಡಿ.

ಎಣ್ಣೆ ಅಂದ್ಮೇಲೆ ನೆನಪಾಯ್ತು. ಹೊಲಿಗೆ ಮಿಷನ್‌ಗೆ ಕೊಬ್ಬರಿ ಎಣ್ಣೆ ಬಿಡೋರಿದ್ದಾರಲ್ಲ, ದಯವಿಟ್ಟು ನಿಲ್ಲಿಸಿ. 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತೆ. ಆಮೇಲೆ "ಮಿಷನ್ ಜಾಮ್ ಆಗಿದೆ" ಅಂತ ನನ್ನ ಹತ್ರ ಅಳಬೇಡಿ.

ಬ್ಯಾಟರಿ ಬಿಚ್ಚಿ ತೆಗೆದಿಡಿ. ಮೊದಲು ಮೈನಸ್ ಬಿಚ್ಚಬೇಕು ಅಂತ ಬಾಯಿಪಾಠ ಒಪ್ಪಿಸ್ತೀರಿ, ಆದ್ರೆ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಪ್ಲಸ್ಸೇ ಚಾಸಿಗೆ ಸೇರಿರುತ್ತೆ. ಚಾಸಿಗೆ ಯಾವುದು ಸೇರಿದೆಯೋ ಅದನ್ನ ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ ಹಾಕಿ. ಡಿಸ್ಟಿಲ್ಡ್ ವಾಟರ್ ನೋಡಿ ತುಂಬಿ, ತಿಂಗಳಿಗೊಂದು ಸಲ ಚಾರ್ಜ್ ಕೊಡಿ. 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದ್ರೆ 12.6ರ ಮೇಲೆ ತೋರಿಸಬೇಕು. ತುಂಬಿದ ಬ್ಯಾಟರಿ ಎಂಥ ಚಳಿಗೂ ಜಗ್ಗಲ್ಲ. ಇಳಿದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಒಡೆಯುತ್ತೆ.

ಟೈರ್‌ಗೆ ಗಾಳಿ ಒಂಚೂರು ಜಾಸ್ತಿ, ಅಡಿಗೆ ಹಲಗೆ. ಕರೆಂಟ್ ಮೋಟರ್ ಪಕ್ಕ ನಿಲ್ಲಿಸಬೇಡಿ, ಅಲ್ಲಿ ಹುಟ್ಟೋ ಓಝೋನ್‌ಗೆ ರಬ್ಬರ್ ಸೀಳುತ್ತೆ. ಚೈನ್ ಒರೆಸಿ ಎಣ್ಣೆ. ಕ್ಲಚ್ ಲಿವರ್ ಹಿಡಿಗೆ ಒತ್ತಿ ಪಟ್ಟಿ ಕಟ್ಟಿ, ಒಳಗಿನ ಕ್ಲಚ್ ಪ್ಲೇಟ್ ಒಂದಕ್ಕೊಂದು ಅಂಟಿಕೊಳ್ಳಲ್ಲ. ಸೈಲೆನ್ಸರ್ ಪೂರ್ತಿ ತಣ್ಣಗಾದ ಮೇಲೆ ಬಾಯಿಗೆ ಬಟ್ಟೆ ತುರುಕಿ, ಇಲಿ ಗೂಡು ಕಟ್ಟಬಾರದು. ಕೆಂಪು ಬಟ್ಟೆ ಇರಲಿ, ತುದಿ ಹೊರಗೆ ಕಾಣಲಿ, ಆಮೇಲೆ ಮರೆತು ಸ್ಟಾರ್ಟ್ ಮಾಡ್ತೀರಿ ನೀವು. ಏರ್ ಫಿಲ್ಟರ್ ಬಾಯಿಗೂ ಹಾಗೇ.

ಹೊದಿಕೆ ವಿಷಯದಲ್ಲಂತೂ ನನಗೆ ಮೈ ಉರಿಯುತ್ತೆ. ಅಷ್ಟು ಚೆಂದದ ಕ್ರೋಮ್ ರಿಮ್ಮಿಗೆ ಪ್ಲಾಸ್ಟಿಕ್ ಸುತ್ತಿ ಇಡ್ತಾರೆ. ಹಗಲು ಬೆಚ್ಚಗಾಗಿ ರಾತ್ರಿ ತಣ್ಣಗಾದಾಗ ಒಳಗೆ ಹನಿ ಕಟ್ಟಿ, ಬೇಸಿಗೆಗೆ ತೆಗೆದ್ರೆ ಕ್ರೋಮ್ ಮೇಲೆಲ್ಲ ಚುಕ್ಕೆ ಚುಕ್ಕೆ ತುಕ್ಕು. ಕ್ರೋಮ್‌ಗೆ, ಸ್ಪೋಕ್ ಬುಡಕ್ಕೆ ತೆಳುವಾಗಿ ಮೇಣ ಸವರಿ, ಹಳೇ ಹತ್ತಿ ದುಪ್ಪಟಿ ಹೊದಿಸಿ. ಗಾಳಿ ಆಡಬೇಕು.

ಮತ್ತೆ ತೆಗೆಯುವಾಗ ಆತುರ ಬೇಡ. ಆಯಿಲ್ ಟ್ಯಾಂಕ್ ಬೇರೆ ಇರೋ ಬಿಎಸ್‌ಎ, ನಾರ್ಟನ್, ಟ್ರಯಂಫ್ ಥರದ ಹಳೇ ಬ್ರಿಟಿಷ್ ಗಾಡಿಗಳಲ್ಲಿ ನಿಂತಲ್ಲೇ ಟ್ಯಾಂಕಿನ ಆಯಿಲ್ ನಿಧಾನಕ್ಕೆ ಕೆಳಗೆ, ಇಂಜಿನ್ ತಳದ ಕ್ರ್ಯಾಂಕ್‌ಕೇಸಿಗೆ ಇಳಿದುಬಿಟ್ಟಿರುತ್ತೆ. ಟ್ಯಾಂಕ್ ಖಾಲಿ ಕಂಡ ತಕ್ಷಣ ಮೇಲಿಂದ ಸುರಿಯೋಕೆ ಹೋಗ್ಬೇಡಿ, ಮೊದಲು ಕೆಳಗಿನ ಡ್ರೈನ್ ನಟ್ ಬಿಚ್ಚಿ ನೋಡಿ. ಎರಡೂ ಬಟ್ಟೆ ತೆಗೆದು, ಕ್ಲಚ್ ಪಟ್ಟಿ ಬಿಚ್ಚಿ. ಕಾಕ್ ತೆರೆಯೋ ಮುಂಚೆ ಪ್ಲಗ್ ಬಿಚ್ಚಿ ನಾಲ್ಕಾರು ಕಿಕ್ ಕೊಡಿ, ಉಳಿದ ಎಣ್ಣೆ ಚಿಮ್ಮುತ್ತೆ, ಮುಖ ದೂರ ಇರಲಿ. ಪ್ಲಗ್ ಒರೆಸಿ ಹಾಕಿ, ಕಾಕ್ ತೆರೆದು ಎಲ್ಲೂ ಸೋರ್ತಿಲ್ಲ ಅಂತ ನೋಡಿ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದ್ರೆ ಗಾಬರಿಯಾಗಿ ನನಗೆ ಫೋನ್ ಮಾಡಬೇಡಿ, ಅದು ನೀವೇ ಬಿಟ್ಟ ಎಣ್ಣೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಬ್ರೇಕ್ ಮಾತ್ರ ಗೇಟು ದಾಟೋ ಮುಂಚೆ ಎರಡು ಮೂರು ಸಲ ಹಿಡಿದು ನೋಡಿ. ಡ್ರಮ್ಮಿಗೆ ಕೂತ ತುಕ್ಕು ಉದುರೋವರೆಗೂ ಅದು ಸರಿಯಾಗಿ ಹಿಡಿಯಲ್ಲ.